ನಾಲ್ಕು ಮಳೆಗಾಲ ಕಂಡ ಹಳೆಯ ಕ್ವಾಡ್ ಬೈಕ್: ವೈರಿಂಗ್ ಕುರಿತು ಒಂದು ವಿಮರ್ಶೆ

ಕೋವಿಡ್‌ನಿಂದ ಪ್ರವಾಸಿಗರ ಓಡಾಟ ನಿಂತುಹೋಗಿದ್ದ 2021ರ ಬೇಸಿಗೆಯಲ್ಲಿ, ಕರಾವಳಿಯ ಬೀಚೊಂದರಲ್ಲಿ ಬಾಡಿಗೆಗೆ ಓಡುತ್ತಿದ್ದ 250 ಸಿಸಿಯ ಕ್ವಾಡ್ ಬೈಕನ್ನು (ಹ್ಯಾಂಡಲ್ ಇರುವ ನಾಲ್ಕು ಚಕ್ರದ ಗಾಡಿ) ಕೊಂಡು, ಪಿಕಪ್ ವಾಹನದಲ್ಲಿ ಹೇರಿಸಿ, ದೇವಿಮನೆ ಘಟ್ಟ ಹತ್ತಿಸಿ ಶಿರಸಿ ಸಮೀಪದ ನಮ್ಮ ಮನೆಗೆ ತಂದೆ. ರಸ್ತೆಯ ನೋಂದಣಿ ಇಲ್ಲದ ಗಾಡಿಯಾದ್ದರಿಂದ ಅದರ ಸಂಚಾರವೆಲ್ಲ ತೋಟ ಮತ್ತು ಸೊಪ್ಪಿನ ಬೆಟ್ಟದೊಳಗೆ (ತೋಟಕ್ಕೆ ಸೊಪ್ಪು ತರುವ ಕಾಡು) ಮಾತ್ರ. ಕೊಯ್ಲಿನಲ್ಲಿ ಅಡಿಕೆ ಕೊನೆ (ಗೊನೆ), ಬೇಸಿಗೆಯಲ್ಲಿ ಸೊಪ್ಪು ಮತ್ತು ದರಕು (ಒಣ ಎಲೆ), ಮಳೆಗಾಲದ ಆರಂಭದಲ್ಲಿ ಕೊಳೆರೋಗಕ್ಕೆ ಸಿಂಪಡಿಸುವ, ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣದ ಡ್ರಮ್ಮು, ಇವಿಷ್ಟನ್ನೂ ಅದು ನಾಲ್ಕು ವರ್ಷ ಹೊತ್ತಿದೆ. ಇಂಜಿನ್, ಗೇರ್ ಬಾಕ್ಸ್, ರಿವರ್ಸ್ ಗೇರ್ ಯಾವುದೂ ನನಗೆ ದೊಡ್ಡ ಖರ್ಚು ತಂದಿಲ್ಲ. ಕಾಡಿದ್ದು ವೈರಿಂಗ್. ಉಪ್ಪುಗಾಳಿಯಲ್ಲಿ ವರ್ಷಗಟ್ಟಲೆ ನಿಂತ ಗಾಡಿಯ ತಂತಿಗಳು ಹೊರಗೆ ಹೊಸದರಂತೆ ಕಂಡರೂ ಒಳಗೆ ಹಸಿರು ಕಿಲುಬು ಹಿಡಿದಿರುತ್ತವೆ ಎಂಬುದು ಕೊಳ್ಳುವಾಗ ನನಗೆ ತಿಳಿದಿರಲಿಲ್ಲ.

ಮೊದಲ ಮಳೆಗಾಲದಲ್ಲೇ ಸೆಲ್ಫ್, ಎಂದರೆ ಬಟನ್ ಒತ್ತಿ ಇಂಜಿನ್ ಸ್ಟಾರ್ಟ್ ಮಾಡುವ ಮೋಟಾರ್, ಕೈಕೊಟ್ಟಿತು. ಬಟನ್ ಒತ್ತಿದರೆ, ಮೋಟಾರಿಗೆ ವಿದ್ಯುತ್ ಬಿಡುವ ಸ್ವಿಚ್ಚಾದ ರಿಲೇಯಿಂದ ಟಕ್ ಎಂಬ ಸದ್ದು ಬರುತ್ತಿತ್ತೇ ಹೊರತು ಮೋಟಾರ್ ತಿರುಗುತ್ತಿರಲಿಲ್ಲ. ಗ್ಯಾರೇಜಿನವರ ಸಲಹೆಯಂತೆ ಬ್ಯಾಟರಿ ಬದಲಾಯಿಸಿದೆ, ವಾರದ ನಂತರ ರಿಲೇಯನ್ನೂ ಬದಲಾಯಿಸಿದೆ. ತೊಂದರೆ ಹಾಗೆಯೇ ಉಳಿಯಿತು. ಕೊನೆಗೆ ಪಂಪ್‌ಸೆಟ್ ದುರಸ್ತಿ ಮಾಡುವ ನೆರೆಮನೆಯ ಭಾವ ತಮ್ಮ ಮಲ್ಟಿಮೀಟರ್ ತಂದು, ಅದರ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ತುದಿಗೂ ಇನ್ನೊಂದನ್ನು ಇಂಜಿನ್ನಿನ ಬರಿಯ ಲೋಹಕ್ಕೂ ಹಿಡಿದು, ಬಟನ್ ಒತ್ತಲು ಹೇಳಿದರು. ಮೀಟರ್ 2 ವೋಲ್ಟಿಗಿಂತ ಮೇಲೆ ತೋರಿಸಿತು. ಈ ದಾರಿ ಸರಿಯಿದ್ದರೆ ಅಲ್ಲಿ ಅರ್ಧ ವೋಲ್ಟ್ ಕೂಡ ಕಾಣಬಾರದು. ಅಂದರೆ ಬ್ಯಾಟರಿಯ ಶಕ್ತಿ ಮೋಟಾರಿಗೆ ಸಿಗುವ ಬದಲು ಬ್ಯಾಟರಿಯ ಮೈನಸ್ಸನ್ನು ಗಾಡಿಯ ಲೋಹಕ್ಕೆ ಸೇರಿಸುವ ಅರ್ಥಿಂಗ್ ತಂತಿಯ ಜೋಡಣೆಯಲ್ಲೇ ಸೋರಿಹೋಗುತ್ತಿತ್ತು.

ಅದಕ್ಕೂ ಮೊದಲು ನಾನೇ ಮೀಟರನ್ನು ಬೀಪ್ ಸದ್ದಿನ ಸ್ಥಾನದಲ್ಲಿಟ್ಟು ಆ ತಂತಿಯನ್ನು ಪರೀಕ್ಷಿಸಿ, ಸರಿಯಿದೆ ಎಂದು ತೀರ್ಮಾನಿಸಿದ್ದೆ. ಬೀಪ್ ಪರೀಕ್ಷೆಯಲ್ಲಿ ತಂತಿಯೊಳಗೆ ಹರಿಯುವುದು ಅತ್ಯಲ್ಪ ವಿದ್ಯುತ್. ಜೋಡಣೆಯಲ್ಲಿ ಕೇವಲ 0.02 ಓಂ ತಡೆ ಇದ್ದರೂ ಮೀಟರ್ ಬೀಪ್ ಎನ್ನುತ್ತದೆ. ಆದರೆ ಸೆಲ್ಫ್ ಮೋಟಾರ್ 100 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಂಡರೆ ಅದೇ ತಡೆಯಲ್ಲಿ 2 ವೋಲ್ಟ್ ನಷ್ಟವಾಗುತ್ತದೆ. ಆದ್ದರಿಂದ ದಪ್ಪ ತಂತಿಗಳನ್ನು ಪರೀಕ್ಷಿಸುವುದಾದರೆ ಅವುಗಳಲ್ಲಿ ಕೆಲಸದ ಹೊರೆ ಹರಿಯುತ್ತಿರುವಾಗಲೇ ಪರೀಕ್ಷಿಸಬೇಕು. ಬೋಲ್ಟ್ ಬಿಚ್ಚಿ ನೋಡಿದಾಗ ಹಿಂದಿನವರು ಚಾಸಿಗೆ (ಗಾಡಿಯ ಚೌಕಟ್ಟಿಗೆ) ಪೇಂಟ್ ಹೊಡೆಸುವಾಗ ಅರ್ಥಿಂಗ್ ಜಾಗಕ್ಕೂ ಹೊಡೆಸಿದ್ದರು, ತಂತಿಯ ತುದಿಯ ಲೋಹದ ಬಳೆಯಾದ ಲಗ್ಗಿನ ಕೆಳಗೆ ತುಕ್ಕು ಪುಡಿಯಾಗಿ ಉದುರಿತು. ಲೋಹ ಹೊಳೆಯುವವರೆಗೆ ಉಜ್ಜಿ, ಹೊಸ ಲಗ್ ಒತ್ತಿಸಿ, ಬಿಗಿ ಮಾಡಿ, ಅದರ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದೆ. ಅಂದಿನಿಂದ ಸೆಲ್ಫ್ ಒಮ್ಮೆಯೂ ತಕರಾರು ಮಾಡಿಲ್ಲ.

ಎರಡನೆಯ ವರ್ಷ ಬ್ಯಾಟರಿ ಚಾರ್ಜ್ ಆಗುವುದು ನಿಂತಿತು. ಇಂಜಿನ್ ನಿಂತಿರುವಾಗ 12.6 ವೋಲ್ಟ್ ಇದ್ದದ್ದು, ಓಡುವಾಗ 14ರ ಆಸುಪಾಸಿಗೆ ಏರಬೇಕಾಗಿದ್ದರೂ ಅಲ್ಲಿಯೇ ನಿಲ್ಲುತ್ತಿತ್ತು. ಈ ಬಾರಿ ಆರ್‌ಆರ್ ಯೂನಿಟ್ (ಎಸಿಯನ್ನು ಡಿಸಿ ಮಾಡಿ ವೋಲ್ಟ್ ಹತೋಟಿಯಲ್ಲಿಡುವ ರೆಗ್ಯುಲೇಟರ್-ರೆಕ್ಟಿಫೈಯರ್) ಕೊಳ್ಳುವ ಮೊದಲು, ಇಂಜಿನ್ ಓಡುವಾಗ ವಿದ್ಯುತ್ ಹುಟ್ಟಿಸುವ ಮ್ಯಾಗ್ನೆಟ್ ಕಾಯಿಲ್‌ನಿಂದ ಬರುವ ಮೂರು ಹಳದಿ ತಂತಿಗಳ ಕಪ್ಲರನ್ನು (ತಂತಿಗಳನ್ನು ಕೂಡಿಸುವ ಪ್ಲಾಸ್ಟಿಕ್ ಪ್ಲಗ್) ಬಿಚ್ಚಿದೆ. ಇಂಜಿನ್ ಓಡಿಸಿ, ಎರಡೆರಡು ತಂತಿಗಳ ನಡುವೆ ಎಸಿ ವೋಲ್ಟ್ ಅಳೆದರೆ ಮೂರು ಜೋಡಿಯಲ್ಲೂ ಹೆಚ್ಚುಕಡಿಮೆ ಒಂದೇ ಅಂಕಿ ಬರಬೇಕು. ಇಂಜಿನ್ ನಿಲ್ಲಿಸಿದ ಮೇಲೆ ಯಾವ ಹಳದಿ ತಂತಿಗೂ ಇಂಜಿನ್ ಲೋಹಕ್ಕೂ ಸಂಪರ್ಕ ಇರಬಾರದು. ನನ್ನಲ್ಲಿ ಎರಡೂ ಸರಿಯಾಗಿದ್ದವು, ಎಂದರೆ ಕಾಯಿಲ್ ಚೆನ್ನಾಗಿತ್ತು. ಕೆಟ್ಟದ್ದು ಕಪ್ಲರ್: ಅದರ ಒಂದು ಪಿನ್ ಸಡಿಲವಾಗಿ ಬಿಸಿಯೇರಿ ಸುತ್ತಲ ಪ್ಲಾಸ್ಟಿಕ್ ಕಂದಾಗಿ ಕರಗಿತ್ತು. ಕಪ್ಲರ್ ಬದಲಾಯಿಸಿದ ಮೇಲೆ 14.2 ವೋಲ್ಟ್ ಬಂತು. ಒಂದು ಕಪ್ಲರಿನ ಬೆಲೆಗೂ ಆರ್‌ಆರ್ ಯೂನಿಟ್ಟಿನ ಬೆಲೆಗೂ ಇರುವ ಅಂತರವನ್ನು ಬಿಡಿಭಾಗ ಕೊಂಡವರೇ ಬಲ್ಲರು.

ಅತ್ಯಂತ ಕಷ್ಟ ಕೊಟ್ಟಿದ್ದು ಆಗಾಗ ಸುಟ್ಟುಹೋಗುತ್ತಿದ್ದ ಫ್ಯೂಸ್. ದಿನವಿಡೀ ಏನೂ ಆಗದೆ, ತೋಟದ ಒಂದು ತಿರುವಿನಲ್ಲಿ ಏಕಾಏಕಿ ಗಾಡಿ ನಿಲ್ಲುತ್ತಿತ್ತು. ಕೆಲವರು ಇಂಥ ಸಂದರ್ಭದಲ್ಲಿ ಹೆಚ್ಚು ಆಂಪಿಯರಿನ ಫ್ಯೂಸ್ ಅಥವಾ ತಾಮ್ರದ ಎಳೆಯನ್ನೇ ಹಾಕುತ್ತಾರೆ. ಪೆಟ್ರೋಲ್ ಟ್ಯಾಂಕಿನ ಅಡಿಯಲ್ಲಿ ಹಾದುಹೋಗುವ ತಂತಿಗೆ ಅದು ಬೆಂಕಿಯನ್ನು ಆಹ್ವಾನಿಸಿದಂತೆ. ನಾನು ಫ್ಯೂಸಿನ ಜಾಗದಲ್ಲಿ 12 ವೋಲ್ಟ್, 21 ವ್ಯಾಟಿನ ಇಂಡಿಕೇಟರ್ ಬಲ್ಬನ್ನು ಜೋಡಿಸಿ, ಲೈಟುಗಳನ್ನೆಲ್ಲ ಆರಿಸಿ, ಕೀ ಹಾಕಿ, ಹ್ಯಾಂಡಲನ್ನು ನಿಧಾನವಾಗಿ ಆಚೀಚೆ ತಿರುಗಿಸಿದೆ. ತಂತಿ ಎಲ್ಲಿಯೂ ಚಾಸಿಗೆ ತಾಗದಿದ್ದರೆ ಬಲ್ಬ್ ಮಂದವಾಗಿರುತ್ತದೆ, ತಾಗಿದ ಕ್ಷಣ ಪೂರ್ಣ ಪ್ರಕಾಶದಿಂದ ಉರಿಯುತ್ತದೆ. ಎಡಕ್ಕೆ ಪೂರ್ತಿ ತಿರುಗಿಸಿದಾಗ ಉರಿಯಿತು. ಸ್ಟಿಯರಿಂಗ್ ಕಂಬದ ಬಳಿ ತಂತಿಗಳ ಕಟ್ಟು ಉಜ್ಜಿ ಉಜ್ಜಿ, ಒಂದು ತಂತಿಯ ತಾಮ್ರ ಬತ್ತಲಾಗಿತ್ತು. ಅಲ್ಲಿಯೇ ಹಿಂದಿನವರು ರಂಗಿನ ದೀಪಗಳಿಗೆಂದು ತಂತಿಯನ್ನು ಸೀಳಿ, ತಿರುಚಿ, ಇನ್ಸುಲೇಷನ್ ಟೇಪ್ ಸುತ್ತಿದ್ದ ಮೂರು ಜೋಡಣೆಗಳೂ ಸಿಕ್ಕವು. ಘಟ್ಟದ ಮೇಲಿನ ಮಳೆಯಲ್ಲಿ ಆ ಟೇಪಿನ ಅಂಟು ಒಂದು ತಿಂಗಳೂ ನಿಲ್ಲುವುದಿಲ್ಲ. ಅವನ್ನೆಲ್ಲ ಕತ್ತರಿಸಿ, ವಾಹನಗಳಿಗೆಂದೇ ಇರುವ ಬಹು ಎಳೆಯ ತಂತಿ ಹಾಕಿ, ಥಿಂಬಲ್ (ತಂತಿಗಳನ್ನು ಸೇರಿಸುವ ಲೋಹದ ತುಂಡು) ಒತ್ತಿ, ಒಳಮೈಗೆ ಅಂಟು ಸವರಿದ, ಬಿಸಿಗೆ ಕುಗ್ಗಿ ಬಿಗಿಯಾಗುವ ಹೀಟ್ ಸ್ಲೀವ್ ತೊಡಿಸಿದೆ. ಬೆಸುಗೆ ಹಾಕಿದ ತಂತಿ ಅಂಚಿನಲ್ಲಿ ಬಿರುಸಾಗಿ, ಕುಲುಕಾಟಕ್ಕೆ ತುಂಡಾಗುತ್ತದೆ ಎಂದು ಭಾವ ಹೇಳಿದ್ದು ನಿಜ. ನಾನು ಮೊದಲು ಬೆಸೆದಿದ್ದ ಎರಡು ಜೋಡಣೆಗಳು ಹಾಗೆಯೇ ಮುರಿದವು.

ಮೈಲುತುತ್ತಿನ ದ್ರಾವಣದ ಬಗ್ಗೆ ತೋಟದವರಿಗೆ ಒಂದು ಮಾತು. ಡ್ರಮ್ಮಿನಿಂದ ತುಳುಕಿದ ದ್ರಾವಣ ಹಿಂಬದಿಯ ಲೈಟಿನ ಕಪ್ಲರಿಗೆ ಇಳಿದು, ಒಂದೇ ಹಂಗಾಮಿನಲ್ಲಿ ಪಿನ್ನುಗಳನ್ನು ತಿಂದುಹಾಕಿತು. ಈಗ ಸಿಂಪಡಣೆ ಮುಗಿದ ದಿನವೇ ಬಕೆಟ್ಟಿನ ನೀರಿನಿಂದ ತೊಳೆಯುತ್ತೇನೆ. ಪ್ರೆಷರ್ ಪಂಪಿನ ನೀರನ್ನು ಮಾತ್ರ ವೈರಿಂಗ್ ಕಡೆ ಎಂದೂ ತಿರುಗಿಸಬಾರದು, ಅದು ಕಪ್ಲರುಗಳ ಒಳಗೇ ನುಗ್ಗುತ್ತದೆ. ಕೊಟ್ಟಿಗೆಯ ಇಲಿಗಳೂ ಒಮ್ಮೆ, ಗಾಡಿ ಗೇರಿನಲ್ಲಿದ್ದರೆ ಸ್ಟಾರ್ಟ್ ಆಗದಂತೆ ತಡೆಯುವ ನ್ಯೂಟ್ರಲ್ ಸ್ವಿಚ್ಚಿನ ತಂತಿ ಕಡಿದಿದ್ದವು. ಆಗ ಆ ಸ್ವಿಚ್ಚನ್ನು ಬಿಟ್ಟು ತಂತಿಯನ್ನು ನೇರ ಮಾಡಿಬಿಡಿ ಎಂದವರಿದ್ದರು. ಗೇರಿನಲ್ಲಿರುವಾಗಲೇ ಗಾಡಿ ಸ್ಟಾರ್ಟ್ ಆಗಿ ಮುಂದಿರುವವರ ಮೇಲೆ ಹಾಯುವ ಅಪಾಯವಿರುವುದರಿಂದ ನಾನು ಒಪ್ಪಲಿಲ್ಲ.

ಗಾಡಿಯ ಕೆಲಸದ ಬಗ್ಗೆ ನನಗೆ ಪೂರ್ಣ ತೃಪ್ತಿಯಿದೆ, ಇಂಥದ್ದನ್ನು ಮತ್ತೆ ಕೊಳ್ಳಲೂ ಸಿದ್ಧನಿದ್ದೇನೆ. ಆದರೆ ಬೀಚಿನಲ್ಲಿ ಓಡಿದ ಗಾಡಿಯಾದರೆ, ಮೊದಲ ಮಳೆ ಬೀಳುವ ಮೊದಲೇ ಸೀಟು ಮತ್ತು ಪ್ಲಾಸ್ಟಿಕ್ ಮೈಯನ್ನು ಬಿಚ್ಚಿ, ಪ್ರತಿಯೊಂದು ಅರ್ಥಿಂಗ್ ಬೋಲ್ಟನ್ನೂ ಕಪ್ಲರನ್ನೂ ಕೈಯಾರೆ ನೋಡಲು ಎರಡು ದಿನ ಮೀಸಲಿಡುತ್ತೇನೆ. ಕೊಳ್ಳಲು ಹೋಗುವಾಗ ಜೇಬಿನಲ್ಲಿ ಮಲ್ಟಿಮೀಟರ್ ಇರಲಿ. ಸೆಲ್ಫ್ ಒತ್ತಿದಾಗ ಬ್ಯಾಟರಿ ಮೈನಸ್ಸಿಗೂ ಇಂಜಿನ್ನಿಗೂ ನಡುವೆ ಎಷ್ಟು ಬರುತ್ತದೆ ಎಂದು ಅಲ್ಲಿಯೇ ಅಳೆದು, ಆ ಅಂಕಿಯನ್ನು ಮಾರುವವರಿಗೂ ತೋರಿಸಿ, ಅನಂತರ ಬೆಲೆಯ ಮಾತಿಗೆ ಕೂರಬೇಕು.