ಹೈಕು ಬೀಟಾ 5: ಮಳೆಗಾಲದಲ್ಲಿ ಹಳೆ ಲ್ಯಾಪ್‌ಟಾಪ್‌ಗೆ ಹಾಕಿ ನೋಡಿದೆ

ಸೋಮವಾರಪೇಟೆ ಕಡೆ ಜುಲೈ ಮಳೆ ಹಿಡಿದರೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಅಂಥ ಒಂದು ದಿನ, 2 ಜಿಬಿ ರ‍್ಯಾಮ್‌ನ ಮುದಿ ಲ್ಯಾಪ್‌ಟಾಪ್‌ನಲ್ಲಿ ಪೆನ್‌ಡ್ರೈವ್‌ನಿಂದಲೇ ಹೈಕು ಓಡಿಸಿದೆ. ವಿಂಡೋಸ್ ಥರದ್ದೇ ಒಂದು ಆಪರೇಟಿಂಗ್ ಸಿಸ್ಟಮ್ ಇದು. ಕಾಫಿ ಆರುವ ಮೊದಲೇ ಡೆಸ್ಕ್‌ಟಾಪ್ ಬಂತು. 'ಇದು ನಮ್ದೇನಾ?' ಅಂದರು ಅಪ್ಪ.

2001ರಲ್ಲಿ ಶುರುವಾದ ಕೆಲಸ ಇದು. ಮೊದಲ ಆಲ್ಫಾ (ತೀರಾ ಆರಂಭದ ಪರೀಕ್ಷಾ ಆವೃತ್ತಿ) ಬಂದಿದ್ದು 2009ರಲ್ಲಿ, ಮೊದಲ ಬೀಟಾ (ಅದರ ಮುಂದಿನ ಹಂತ) 2018ರಲ್ಲಿ, ಈ ಐದನೆಯದು 2024ರ ಸೆಪ್ಟೆಂಬರ್‌ನಲ್ಲಿ. ಹೈಕುಗೆ ಮಾದರಿಯಾದ ಹಳೆಯ ಆಪರೇಟಿಂಗ್ ಸಿಸ್ಟಮ್ ಬಿಓಎಸ್‌ನ (BeOS) ಪ್ರೋಗ್ರಾಮ್‌ಗಳೂ ಓಡಬೇಕು ಅಂತ 32 ಬಿಟ್ ಆವೃತ್ತಿಯಲ್ಲಿ ಇಂದಿಗೂ ಹಳೇ ಕಂಪೈಲರನ್ನು (ಬರೆದ ಕೋಡನ್ನು ಓಡುವ ಪ್ರೋಗ್ರಾಮ್ ಮಾಡೋ ಸಾಧನ) ಉಳಿಸಿಕೊಂಡಿದ್ದಾರೆ. ಹಠ ಅಂದ್ರೆ ಇದು ಅಲ್ವಾ!

ಜೊತೆಗೆ ಬರೋದು ವೆಬ್‌ಪಾಸಿಟಿವ್ ಬ್ರೌಸರ್, ಟೆಕ್ಸ್ಟ್ ಎಡಿಟರ್, ಮೀಡಿಯಾ ಪ್ಲೇಯರ್, ಹೀಗೆ ಬೇಕಾದಷ್ಟೇ. ಸ್ಪ್ರೆಡ್‌ಶೀಟ್ ಇರೋ ಲಿಬ್ರೆಆಫೀಸ್ ಬೇಕಂದ್ರೆ ಹೈಕುವಿನ ಆ್ಯಪ್ ಸ್ಟೋರ್ ಆದ ಹೈಕುಡಿಪೋದಿಂದ ಇಳಿಸಿಕೊಳ್ಳಬೇಕು, ಅದಕ್ಕೆ ನೆಟ್ ಬೇಕು, ನಮ್ಮಲ್ಲಿ ಟವರ್ ಮಲಗಿ ಮೂರು ದಿನ ಆಗಿತ್ತು. ಕಾಫಿ ಚೀಲದ ಲೆಕ್ಕವನ್ನ ಟೆಕ್ಸ್ಟ್ ಎಡಿಟರ್‌ನಲ್ಲೇ ಸಾಲಾಗಿ ಬರೆದು, ಕೂಡೋದನ್ನ ಕ್ಯಾಲ್ಕುಲೇಟರ್‌ನಲ್ಲಿ ಮಾಡಿದೆ. ಎಲ್ಲಾ ತುಂಬಿಸಿದ್ದರೆ ಇಷ್ಟು ಚುರುಕಾಗಿ ಏಳ್ತಿರಲಿಲ್ಲ, ಒಪ್ಪಿದೆ. ಆದರೂ ಒಂದು ಪುಟ್ಟ ಸ್ಪ್ರೆಡ್‌ಶೀಟ್ ಇಟ್ಟಿದ್ದರೆ ಯಾರಿಗೂ ಭಾರ ಆಗ್ತಿರಲಿಲ್ಲ. ಐದಕ್ಕೆ ನಾಲ್ಕು ಸ್ಟಾರ್.