ಪೀಣ್ಯದಲ್ಲಿ ರೆಸ್ಯೂಮ್ ಮಾಡಿಸಿದ ಅಂಗಡಿ: ಐದಕ್ಕೆ ನಾಲ್ಕು ಸ್ಟಾರ್

ಜಾಲಹಳ್ಳಿ ಮೆಟ್ರೋ ಸ್ಟೇಷನ್ ಇಳಿದು ಪೀಣ್ಯದ ಕಡೆ ನಡೆದರೆ ಬೇಕರಿ ಪಕ್ಕ ಒಂದು ಝೆರಾಕ್ಸ್ ಅಂಗಡಿ ಸಿಗುತ್ತದೆ. ಒಳಗೆ ಇಬ್ಬರು ನಿಂತರೆ ಮೂರನೆಯವನು ರಸ್ತೆಯಲ್ಲೇ. ಒಂದು ಸ್ಟಾರ್ ಯಾಕೆ ಕಡಿಮೆ ಅಂತ ಆಮೇಲೆ ಹೇಳುತ್ತೇನೆ.

ನಾನು ಕಡೂರಿನವನು, ಐಟಿಐ ಟರ್ನರ್, ಅಂದರೆ ಲೇತ್ ಮಷಿನಲ್ಲಿ ಲೋಹ ಕಡೆಯುವವನು. ಮೊದಲು ಆನ್‌ಲೈನಲ್ಲಿ ಒಂದು ಕಡೆ 1,200 ರೂಪಾಯಿ ಕಟ್ಟಿ ರೆಸ್ಯೂಮ್ ಬರೆಸಿದ್ದೆ. ಎಡಗಡೆ ನೀಲಿ ಪಟ್ಟಿ, ಇಂಗ್ಲಿಷ್ ಬರುತ್ತದೆ ಅನ್ನೋದಕ್ಕೆ ಐದರಲ್ಲಿ ನಾಲ್ಕು ಚುಕ್ಕಿ, 'ಡೈನಮಿಕ್', 'ಟೀಮ್ ಪ್ಲೇಯರ್', ಎಲ್ಲ ಇತ್ತು. ಲೇತ್ ಅನ್ನೋ ಪದ ಒಂದು ಇರಲಿಲ್ಲ. ಅದನ್ನೇ ಹಿಡಿದು ಹನ್ನೊಂದು ಫ್ಯಾಕ್ಟರಿ ಗೇಟ್ ಸುತ್ತಿದೆ. ಒಂದು ಫೋನೂ ಬರಲಿಲ್ಲ.

ಕಾಪಿ ಖಾಲಿಯಾಯಿತು ಅಂತ ಝೆರಾಕ್ಸ್‌ಗೆ ಈ ಅಂಗಡಿಗೆ ಹೋದೆ. ಅಂಗಡಿಯವರು ಹಾಳೆ ನೋಡಿ, "ನೀನು ಏನ್ ಕೆಲಸ ಮಾಡ್ತೀಯ ಅಂತಾನೇ ಇಲ್ವಲ್ಲಪ್ಪ ಇದ್ರಲ್ಲಿ" ಅಂದರು. ಸ್ಟೂಲ್ ಎಳೆದು ಕೂರಿಸಿ ಶುರು ಮಾಡಿದರು. ಮಾಮೂಲಿ ಲೇತಾ, ಕಂಪ್ಯೂಟರಲ್ಲಿ ನಡೆಯೋ ಸಿಎನ್‌ಸಿನಾ? ಕಂಟ್ರೋಲ್ ಯಾವ ಕಂಪನಿದು, ಫ್ಯಾನುಕಾ, ಸೀಮೆನ್ಸಾ? ಬರೀ ಆಪರೇಟಿಂಗಾ, ಸೆಟ್ಟಿಂಗೂ ಬರುತ್ತಾ? ಟೂಲ್ ಅಳತೆ ತಿದ್ದೋ ಆಫ್‌ಸೆಟ್ ಕೊಡೋಕೆ? ವರ್ನಿಯರ್, ಮೈಕ್ರೋಮೀಟರ್, ಬೋರ್ ಗೇಜ್, ಅಳತೆ ಸಾಮಾನಲ್ಲಿ ಯಾವ್ದು ಕೈಯಲ್ಲಿ ಹಿಡಿದಿದ್ದೀಯ? ಅಪ್ರೆಂಟಿಸ್ ಸರ್ಟಿಫಿಕೇಟ್ ಬಂತಾ? ಅವರು ಮಷಿನ್ ಮುಟ್ಟಿದವರಲ್ಲ. ನಮ್ಮಂಥವರದ್ದೇ ಟೈಪ್ ಮಾಡಿ ಮಾಡಿ ಕಲಿತಿದ್ದಾರೆ.

ಎಲ್ಲ ಸೇರಿ ಒಂದೇ ಪುಟ. ಬ್ಲಡ್ ಗ್ರೂಪು, ಹವ್ಯಾಸ ಹೋಯಿತು. ನನ್ನ ಕಾಲೇಜ್ ದಿನದ 'ರಾಕಿಂಗ್' ಇಮೇಲೂ ಹೋಯಿತು, ಹೊಸದನ್ನು ಅಲ್ಲೇ ಮಾಡಿಕೊಟ್ಟರು. ವಿಳಾಸ ಮಾತ್ರ ಮೇಲೆ ಬಂತು: ಟಿ. ದಾಸರಹಳ್ಳಿ. ಹತ್ತಿರ ಇರೋ ಹುಡುಗ ಶಿಫ್ಟಿಗೆ ಲೇಟ್ ಮಾಡಲ್ಲ ಅಂತ ಸೂಪರ್‌ವೈಸರ್‌ಗಳ ಲೆಕ್ಕವಂತೆ. ಟೈಪಿಂಗಿಗೆ 120, ಬಾಂಡ್ ಪೇಪರ್ ಪ್ರಿಂಟ್ ಒಂದಕ್ಕೆ 10, ವಾಟ್ಸಾಪಿಗೆ ಪಿಡಿಎಫ್ ಫ್ರೀ.

ಈ ಹೊಸ ಹಾಳೆ ಹಿಡಿದು ಹೋದ ನಾಲ್ಕನೇ ಗೇಟಲ್ಲಿ ಒಳಗೆ ಕರೆದರು. ಸೂಪರ್‌ವೈಸರ್ ಹಾಳೆ ಮೇಲೆ ಬೆರಳಿಟ್ಟು ಓದಿದರು. 'ವರ್ನಿಯರ್' ಬಂದಾಗ ನಿಲ್ಲಿಸಿ, ಟೇಬಲ್ ಮೇಲಿದ್ದ ಬುಷ್ (ಲೋಹದ ಕೊಳವೆ ತುಂಡು) ಒಂದನ್ನು ತಳ್ಳಿ, "ಹೊರ ಅಳತೆ ಹೇಳು" ಅಂದರು. ಬಟ್ಟೆಯಲ್ಲಿ ಒರೆಸಿ, ಝೀರೋ ನೋಡಿಕೊಂಡು ಅಳೆದೆ. 24.98 ಮಿಲಿಮೀಟರ್. ಅವರು ಮುಂದೆ ಕೇಳಿದ್ದು ಸಂಬಳ ಎಷ್ಟು ಬೇಕು ಅಂತ. ಈಗ ಅಲ್ಲೇ ಇದ್ದೇನೆ, ಸೆಕೆಂಡ್ ಶಿಫ್ಟ್.

ಫೋಟೋ ಮಾತ್ರ ಅಲ್ಲಿ ತೆಗೆಸಬೇಡಿ. ಮುಖಕ್ಕೆ ಸುಣ್ಣ ಬಳಿದ ಹಾಗೆ ಬೆಳ್ಳಗೆ ಮಾಡುತ್ತಾರೆ. ಸೆಕ್ಯುರಿಟಿ ಅಣ್ಣ ಫೋಟೋ ನೋಡಿ, ನನ್ನ ನೋಡಿ, ಮತ್ತೆ ಫೋಟೋ ನೋಡಿದರು.

ಸ್ಟಾರ್ ಕಡಿಮೆಯಾದದ್ದು ಅದಕ್ಕಲ್ಲ, ಸ್ಪೆಲಿಂಗಿಗೆ. ಹತ್ತು ಕಾಪಿ ಪ್ರಿಂಟ್ ಆದ ಮೇಲೆ ನೋಡಿದರೆ ಇಂಗ್ಲಿಷಲ್ಲಿ ಒಂದು ಅಕ್ಷರ ನುಂಗಿ ನನ್ನನ್ನು ಟರ್ನರ್ ಬದಲು ಟ್ಯೂನರ್ ಮಾಡಿದ್ದರು. ಪ್ರಿಂಟಿಗೆ ಮೊದಲೇ ಸ್ಕ್ರೀನಲ್ಲಿ ಎರಡು ಸಲ ಓದಿಕೊಳ್ಳಿ. ಗೊಣಗಿಕೊಂಡೇ ಆದರೂ ಹತ್ತನ್ನೂ ಫ್ರೀಯಾಗಿ ಮತ್ತೆ ತೆಗೆದುಕೊಟ್ಟರು. ಹಾಳಾದ ಹಾಳೆ ಬಿಸಾಡಲಿಲ್ಲ. ಮೊನ್ನೆ ಆಧಾರ್ ಝೆರಾಕ್ಸ್‌ಗೆ ಹೋದಾಗ 14 ರೂಪಾಯಿ ಲೆಕ್ಕ ಬರೆದುಕೊಟ್ಟ ಚೀಟಿ ತಿರುಗಿಸಿದೆ. ಹಿಂದುಗಡೆ ನನ್ನದೇ ಹೆಸರು, ಕೆಳಗೆ ಟ್ಯೂನರ್.