ಒಪ್ಪಿಗೆ ವಿಚ್ಛೇದನಕ್ಕೆ ಸಹಿ ಹಾಕುವ ಮುನ್ನ ಲಾಕರ್ ತೆರೆದು ನೋಡಿ

ಗಂಗಾವತಿಯ ಬ್ಯಾಂಕೊಂದರಲ್ಲಿ ನನ್ನ ಮತ್ತು ಗಂಡನ ಹೆಸರಿನಲ್ಲಿದ್ದ ಜಂಟಿ ಲಾಕರಿನಿಂದ ನನ್ನ ಬಂಗಾರವೆಲ್ಲ ನನಗೆ ತಿಳಿಯದಂತೆ ಹೋಗಿದೆ. ಭತ್ತದ ಪೀಕು ಕೈಗೆ ಬಂದಾಗಲೆಲ್ಲ ಅಪ್ಪ ಒಂದೊಂದಾಗಿ ಮಾಡಿಸಿಕೊಟ್ಟಿದ್ದ ಬೋರಮಾಳ, ಪಾಟಲಿ, ಅವಲಕ್ಕಿ ಸರ, ಎಲ್ಲವೂ ಹೋಗಿವೆ.

ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಡಿ ಇಬ್ಬರ ಒಪ್ಪಿಗೆಯಿಂದಲೇ ಬಿಡುಗಡೆಯಾಗಲಿ, ಜಗಳ ಬೇಡ ಎಂದು ಹಿರಿಯರು ಕುಳಿತು ತೀರ್ಮಾನಿಸಿದ್ದರು. ಗಂಡನ ಕಡೆಯ ವಕೀಲರು ಕಳಿಸಿದ ಅರ್ಜಿಯ ಕರಡಿನಲ್ಲಿ, ಪತ್ನಿಯು ತನ್ನ ಒಡವೆಗಳನ್ನೆಲ್ಲ ಪಡೆದುಕೊಂಡಿದ್ದು ಮುಂದೆ ಯಾವ ಹಕ್ಕನ್ನೂ ಕೇಳತಕ್ಕದ್ದಲ್ಲ ಎಂಬ ಸಾಲಿತ್ತು. ನಾನು ಏನನ್ನೂ ಪಡೆದಿರಲಿಲ್ಲ. ಕೇಳಿದರೆ, "ಅದು ಎಲ್ಲಾರ ಅರ್ಜಿಯಾಗೂ ಇರ್ತದ, ಸುಮ್ಮನ ಸಹಿ ಮಾಡವ್ವ" ಎಂದರು ಭಾವನವರು. ಲಾಕರಿನ ಕೀಲಿ ಕೇಳಿದೆ. ಗಂಡ ಮರುಮಾತಿಲ್ಲದೆ ಕೊಟ್ಟ. ಆಗಲೇ ಎದೆ ಧಸಕ್ಕೆಂದಿತು.

ಬ್ಯಾಂಕಿನವರು ತಮ್ಮ ಕೀಲಿ ತಿರುವಿ ಹೊರಗೆ ಹೋದ ಮೇಲೆ ತೆರೆದರೆ ಒಳಗೆ ಡಬ್ಬಿಗಳಿದ್ದವು, ಒಡವೆ ಇರಲಿಲ್ಲ. ಒಂದು ಡಬ್ಬಿ ತೆರೆದೆ, ಇನ್ನೊಂದು ತೆರೆದೆ, ಮೊದಲಿನದನ್ನೇ ಮತ್ತೆ ತೆರೆದೆ. ಖಾಲಿ ಡಬ್ಬಿಗಳನ್ನು ಮೊದಲಿದ್ದಂತೆಯೇ ಜೋಡಿಸಿಟ್ಟು ಹೋಗುವಷ್ಟು ನಿಧಾನ ಆ ಮನುಷ್ಯನಿಗಿತ್ತು ಎಂಬುದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಅಂಗಡಿಯ ರಸೀದಿಗಳೂ ಅದೇ ಲಾಕರಿನಲ್ಲಿದ್ದವು, ಅವೂ ಇಲ್ಲ.

ಮ್ಯಾನೇಜರು, "ಇಬ್ಬರಲ್ಲಿ ಯಾರಾದರೂ ತೆರೆಯಬಹುದೆಂದು ನೀವೇ ಬರೆದುಕೊಟ್ಟಿದ್ದೀರಿ ಮೇಡಂ, ಒಳಗೇನಿತ್ತೆಂಬುದು ನಮಗೆ ಗೊತ್ತಿರುವುದಿಲ್ಲ" ಎಂದರು. ಲಾಕರ್ ತೆರೆದ ದಿನವೇ ಗ್ರಾಹಕರಿಗೆ ಸಂದೇಶ ಹೋಗಬೇಕೆಂದು ರಿಸರ್ವ್ ಬ್ಯಾಂಕ್ 2021ರಲ್ಲಿ ಸೂಚಿಸಿದೆಯಲ್ಲ ಎಂದು ಕೇಳಿದೆ. ಸಂದೇಶ ಹೋಗಿತ್ತಂತೆ, ದಾಖಲೆಯಲ್ಲಿದ್ದ ಗಂಡನ ಮೊಬೈಲಿಗೆ! ತೆರೆದವನಿಗೇ ತೆರೆದ ಸುದ್ದಿ. ಗಂಡನಿಗೆ ಫೋನ್ ಮಾಡಿದರೆ ಬಂದ ಉತ್ತರ ಇಷ್ಟೇ: "ಯಾವ ಬಂಗಾರ? ರಸೀದಿ ಇದ್ರ ತೋರ್ಸು." ರಸೀದಿ ಎಲ್ಲಿವೆಯೆಂದು ಆತನಿಗಿಂತ ಚೆನ್ನಾಗಿ ಬಲ್ಲವರು ಯಾರು?

ನಾನು ಸಹಿ ಮಾಡಿಲ್ಲ, ಮಾಡುವುದೂ ಇಲ್ಲ. ಮಾತುಕತೆ ಶುರುವಾಗುವ ಮೊದಲೇ ಲಾಕರಿಗೆ ನಿಮ್ಮ ಮೊಬೈಲ್ ಸಂಖ್ಯೆಯನ್ನೂ ಸೇರಿಸಿ, ರಸೀದಿಗಳನ್ನು ತವರಿನಲ್ಲಿಡಿ, ಮದುವೆಯ ಫೋಟೊಗಳನ್ನು ಜೋಪಾನ ಮಾಡಿ. ಸ್ತ್ರೀಧನ, ಅಂದರೆ ಹೆಣ್ಣಿನ ಸ್ವಂತದ ಒಡವೆ-ಆಸ್ತಿ, ಕೈತಪ್ಪುವ ಭಯವಿದ್ದರೆ, ಜಂಟಿ ಲಾಕರನ್ನಾಗಲಿ ಖಾತೆಯನ್ನಾಗಲಿ ಗಂಡ ಮುಟ್ಟದಂತೆ 2005ರ ಕೌಟುಂಬಿಕ ಹಿಂಸೆ ಕಾಯ್ದೆಯ 18ನೇ ಕಲಮಿನಡಿ ಮ್ಯಾಜಿಸ್ಟ್ರೇಟರಿಂದ ಆದೇಶ ಕೇಳಬಹುದು; ಇದನ್ನು ಪಂಚಾಯಿತಿಗೆ ಕುಳಿತ ಹಿರಿಯರಲ್ಲಿ ಒಬ್ಬರೂ ಹೇಳಲಿಲ್ಲ. ಲಾಕರಿನ ರಿಜಿಸ್ಟರಿನಲ್ಲಿ ಆತನ ಸಹಿ, ದಿನಾಂಕ, ಸಮಯ ಮೂರೂ ಇವೆ. ಅದರ ಪ್ರತಿಗಾಗಿ ಬ್ಯಾಂಕಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಂಡಿದ್ದೇನೆ.